ಆವಲಪ್ಪನವರ ಕೆಳಗಿನ ಯಾರ್ಡು

ಪಟ್ಟಂದೂರು ಅಗ್ರಹಾರದಲ್ಲಿ ಆವಲಪ್ಪನವರ ಮನೆಯ ಎರಡನೇ ಮಹಡಿಗೆ ನಾವು ಬಾಡಿಗೆಗೆ ಬಂದ ಮೊದಲ ವಾರ, ತಲೆಯ ಮೇಲೆ ಏನೋ ಕಟಕಟ ಓಡಾಡುವ ಸದ್ದಾಯಿತು. ಹೆಗ್ಗಣ ಅಂದುಕೊಂಡು ಪೊರಕೆ ಹಿಡಿದು ಟೆರೇಸಿಗೆ ಹತ್ತಿದೆ. ಅಲ್ಲಿನ ಶೀಟಿನ ಕೋಣೆಯಲ್ಲಿ ನಮ್ಮ ಓನರ್ ಬನಿಯನ್ನು ಹಾಕಿಕೊಂಡು, ಕೈಯಲ್ಲಿ ಹಸಿರು ಬಾವುಟ ಹಿಡಿದು, ಗೇಣುದ್ದದ ಎಂಜಿನ್ನಿಗೆ ದಾರಿ ತೋರಿಸುತ್ತಾ ನಿಂತಿದ್ದರು. "ಬಾಗ್ಲು ಆಕಮ್ಮ, ಗಾಳಿಗೆ ಸಿಗ್ನಲ್ ಬಿದ್ದೋಯ್ತದೆ" ಅಂದರು. ಅರವತ್ತೊಂಬತ್ತು ವರ್ಷದ ಗಂಡಸು! ನಾನು ಕೆಳಗಿಳಿದು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಾನು ಸವಿತಾ, ಕುಷ್ಟಗಿ ಕಡೆಯವಳು. ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಸರ್ಕ್ಯೂಟ್ ಬೋರ್ಡುಗಳಿಗೆ ಬೆಸುಗೆ ಹಾಕುತ್ತೇನೆ. ಗಂಡ ಇರಣ್ಣ ಮಾದನಾಯಕನಹಳ್ಳಿಯ ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಮನೆಗೆ ಬರುತ್ತಾನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ಅವನು ಹೇಳುತ್ತಾನೆ. ಅದು ಸುಳ್ಳಲ್ಲ. ತಪ್ಪು ಕಂಡರೆ ಸುಮ್ಮನಿರಲು ನನಗೆ ಬರುವುದಿಲ್ಲ, ಮತ್ತು ನನಗೆ ತಪ್ಪು ಬೇಗ ಕಾಣುತ್ತದೆ. ಈ ಎರಡು ಗುಣಗಳ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಆವಲಪ್ಪನವರನ್ನು ನಾನು "ಅಜ್ಜಾರ" ಅನ್ನುತ್ತಿದ್ದೆ. ನಮ್ಮ ಕಡೆ ಅದು ಮರ್ಯಾದೆ. ಅವರಿಗೆ ಮಾತ್ರ ಅದನ್ನು ಕೇಳಿದರೆ ಮೈ ಉರಿಯುತ್ತಿತ್ತು. ಉರಿಯುತ್ತದೆ ಅಂತ ಗೊತ್ತಾದ ಮೇಲೆ ಇನ್ನೂ ಹೆಚ್ಚು ಕರೆದೆ.

ಅವರು ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಬರುವ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ದಾರಿ ತಿರುಗಿಸುವ ಕೆಲಸ. ಮೂವತ್ಮೂರು ವರ್ಷದಲ್ಲಿ ಒಂದು ಗಾಡಿ ನಿಂತಿರುವ ಲೈನಿಗೆ ಇನ್ನೊಂದನ್ನು ಬಿಟ್ಟವರಲ್ಲ. ನಿವೃತ್ತಿಯಾದ ಮೇಲೆ ಕೈ ಸುಮ್ಮನಿರದೆ, ಟೆರೇಸಿನ ಕೋಣೆಯ ಮೂರು ಗೋಡೆಗೂ ಸೊಂಟದೆತ್ತರಕ್ಕೆ ಹಲಗೆ ಹೊಡೆಸಿ ವೈಟ್‌ಫೀಲ್ಡಿನಿಂದ ಬಂಗಾರಪೇಟೆಯವರೆಗಿನ ರೈಲು ದಾರಿಯನ್ನೇ ಕಟ್ಟಿಬಿಟ್ಟಿದ್ದರು. ಎಂಜಿನ್ನುಗಳನ್ನಷ್ಟೇ ಕೊಂಡಿದ್ದರು, ಬೋಗಿಗಳೆಲ್ಲ ಸನ್‌ಬೋರ್ಡಿನ ಹಗುರ ಹಲಗೆ ಕತ್ತರಿಸಿ ತಾವೇ ಮಾಡಿದ್ದು. ಮಾಲೂರಿನ ಇಟ್ಟಿಗೆ ಗೂಡುಗಳ ಸುತ್ತ ನಿಜವಾದ ಇಟ್ಟಿಗೆ ಪುಡಿ ಉದುರಿಸಿದ್ದರು. ನಗುತ್ತಲೇ ನೋಡಲು ಶುರು ಮಾಡಿದ ನಾನು ನಿಧಾನವಾಗಿ ಬರೀ ನೋಡಲು ಹೋಗತೊಡಗಿದೆ. ಇದನ್ನು ಅವರೆದುರು ಎಂದೂ ಒಪ್ಪಿಕೊಳ್ಳಲಿಲ್ಲ.

ಬಂಗಾರಪೇಟೆ ದಾಟಿದ ಗಾಡಿ ಮೂಲೆಯಲ್ಲೊಂದು ಸುರಂಗ ಹೊಕ್ಕು, ಇಳಿಜಾರಿನಲ್ಲಿ ಸುತ್ತಿ ಹಲಗೆಯ ಕೆಳಗಿನ ಇನ್ನೊಂದು ಅಂತಸ್ತಿಗೆ ಹೋಗುತ್ತಿತ್ತು. ಅಲ್ಲಿ ಆರು ಲೈನು. ಮುಂದೆ ಪ್ಲೈವುಡ್ ಮುಚ್ಚಿದ್ದರಿಂದ ಒಳಗೇನೂ ಕಾಣುತ್ತಿರಲಿಲ್ಲ. ತಮ್ಮ ಹೊತ್ತು ಬರುವವರೆಗೆ ಗಾಡಿಗಳು ಆ ಕತ್ತಲಲ್ಲಿ ಕಾಯುತ್ತಿದ್ದವು. ನೋಡುವವರಿಗೆ ಗಾಡಿ ನಿಜವಾಗಿಯೂ ಎಲ್ಲಿಗೋ ಹೋಯಿತು ಅನ್ನಿಸಬೇಕು, ಅದಕ್ಕೇ ಈ ಮುಚ್ಚುಮರೆ. ಅವರು ಅದನ್ನು ಕೆಳಗಿನ ಯಾರ್ಡು ಅನ್ನುತ್ತಿದ್ದರು. ಯಾವ ಲೈನಿನಲ್ಲಿ ಯಾವ ಗಾಡಿ ನಿಂತಿದೆ ಅನ್ನುವುದಕ್ಕೆ ಒಂದು ದೀಪವಿಲ್ಲ, ಒಂದು ಚೀಟಿ ಇಲ್ಲ.

"ಬರ್ದ ಇಟ್ಕೋಬಾರ್ದೇನ್ರೀ ಅಜ್ಜಾರ?" ಅಂತ ಒಮ್ಮೆ ಕೇಳಿದ್ದೆ.

"ಆರು ಲೈನು ತಲೇಲಿ ಮಡಿಕ್ಕೊಳ್ದೋನು ಪಾಯಿಂಟ್ಸ್‌ಮನ್ನಾ?" ಅಂದಿದ್ದರು.

ಕೆಳಗಿನ ಮನೆಯಲ್ಲಿ ಅವರ ಹೆಂಡತಿ ರಾಮಮ್ಮ. ಸಕ್ಕರೆ ಕಾಯಿಲೆ ಹಳೆಯದಾಗಿ ಕಣ್ಣು ಮಂಜಾಗಿತ್ತು. ದಿನಕ್ಕೆ ಎರಡು ಸಲ, ತಿಂಡಿಗೆ ಮುಂಚೆ ಮತ್ತು ರಾತ್ರಿಯ ಊಟಕ್ಕೆ ಮುಂಚೆ, ಇನ್ಸುಲಿನ್ ಚುಚ್ಚಬೇಕು. ಸಿರಿಂಜಿನ ಗೆರೆ ರಾಮಮ್ಮನವರಿಗೆ ಕಾಣುವುದಿಲ್ಲ. ಹನ್ನೊಂದು ವರ್ಷದಿಂದ ಚುಚ್ಚುತ್ತಿದ್ದವರು ಆವಲಪ್ಪನವರೇ. "ಅವ್ರ ಕೈಲಿ ನೋವೇ ಆಗಕಿಲ್ಲ" ಅಂತ ರಾಮಮ್ಮ ಬೀದಿಯ ಹೆಂಗಸರಿಗೆಲ್ಲ ಹೇಳಿಕೊಂಡು ಮೆರೆಯುತ್ತಿದ್ದರು. ಮಗಳು ಲಾವಣ್ಯ ಹೂಡಿಯಲ್ಲಿ ಗಂಡನ ಮನೆ. ಆಕೆ ವಾರಕ್ಕೊಮ್ಮೆ ಬಂದು ಅಡುಗೆಮನೆ ತಪಾಸಣೆ ಮಾಡಿ ಹೋಗುವಳು. ಆ ಮನೆಗೆ ಸಕ್ಕರೆ ಬರುವುದನ್ನೇ ಆಕೆ ನಿಲ್ಲಿಸಿದ್ದಳು.

ಜನವರಿಯ ಒಂದು ಭಾನುವಾರ ನಾನು ರೈಲಿನ ಕೋಣೆಯ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಆವಲಪ್ಪನವರು ಮೇಲ್ ಗಾಡಿಯನ್ನು ಸುರಂಗಕ್ಕೆ ಕಳಿಸಿದರು. ಲಿವರ್ ಎಳೆದು, "ನಾಕನೇ ಲೈನ್ ಖಾಲಿ" ಅಂತ ಎಂದಿನಂತೆ ಗಟ್ಟಿಯಾಗಿ ಹೇಳಿದರು. ಸ್ವಲ್ಪ ಹೊತ್ತಿಗೆ ಹಲಗೆಯ ಕೆಳಗಿನಿಂದ ಪಟ್ ಅಂತ ಸದ್ದು ಬಂತು. ಆಮೇಲೆ ಬೋಗಿಗಳು ಒಂದರ ಮೇಲೊಂದು ಬೀಳುವ ಸದ್ದು.

"ಏನ್ರೀ ಅಜ್ಜಾರ, ಬಂಗಾರಪೇಟಿ ದಾಟಿ ಅಪಘಾತ ಆತಲ್ಲ!" ಅಂತ ನಾನು ಕೈ ತಟ್ಟಿ ನಕ್ಕೆ.

ಅವರು ನಗಲಿಲ್ಲ. ಬಯ್ಯಲೂ ಇಲ್ಲ. ಪ್ಲೈವುಡ್ ತೆಗೆದು ಬಗ್ಗಿ ಒಳಗೆ ನೋಡಿದರು. ನಾಲ್ಕನೇ ಲೈನಿನಲ್ಲಿ ಗೂಡ್ಸ್ ಗಾಡಿ ನಿಂತಿತ್ತು. ಹತ್ತು ನಿಮಿಷದ ಹಿಂದೆ, ನನ್ನ ಕಣ್ಣೆದುರೇ, ಅವರೇ ಕಳಿಸಿದ್ದು. ಅವರು ಎದ್ದು ನಿಂತಾಗ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇಲಿ ಕಣಮ್ಮ" ಅಂದರು. "ಇಲಿ ಅಡ್ಡ ಬಂದಿರ್ಬೇಕು."

ಇಲಿ ಗೂಡ್ಸ್ ಗಾಡಿಯನ್ನು ತಂದು ನಿಲ್ಲಿಸುತ್ತದೆಯೇ ಅಂತ ಕೇಳಬೇಕೆನ್ನಿಸಿತು. ಆದರೆ ಆ ಮುಖ ನೋಡಿ, ನನ್ನ ಜನ್ಮದಲ್ಲಿ ಅಪರೂಪಕ್ಕೆ, ಸುಮ್ಮನಾದೆ.

ಮಾರನೇ ದಿನ ನಾನು ಡ್ಯೂಟಿ ಮುಗಿಸಿ ಬರುವುದನ್ನೇ ಕಾದು ಮೆಟ್ಟಿಲಲ್ಲಿ ಹಿಡಿದರು. ಕೆಳಗಿನ ಯಾರ್ಡನ್ನು ಪೂರ್ತಿ ಕಿತ್ತು ಹೊಸದಾಗಿ ಕಟ್ಟಬೇಕಂತೆ. ಪ್ರತಿ ಲೈನಿಗೂ ಒಂದು ಕೆಂಪು ದೀಪ. ಗಾಡಿ ನಿಂತಿದ್ದರೆ ಮೇಲಿನ ಹಲಗೆಯಲ್ಲಿ ದೀಪ ಹತ್ತಬೇಕು. ಬೆಸುಗೆ ಕೆಲಸ ನನ್ನದು. ನನಗೆ ಖುಷಿಯೇ ಆಯಿತು. ಕಾರ್ಖಾನೆಯಲ್ಲಿ ದಿನವಿಡೀ ಯಾರದೋ ಬೋರ್ಡಿಗೆ ಬೆಸುಗೆ ಹಾಕುವವಳಿಗೆ, ತಾನು ಹಾಕಿದ ದೀಪ ಕಣ್ಣೆದುರು ಹತ್ತುವುದು ದೊಡ್ಡ ವಿಷಯ. ಸಂಜೆ ಹೊತ್ತು ಒಂದೊಂದು ಗಂಟೆ ಕೂತು ವಾರದಲ್ಲಿ ಆರು ದೀಪ ಮುಗಿಸಿದೆ.

ಮುಗಿಸಿದ ದಿನವೇ ಅವರು ಹೊಸ ನಕ್ಷೆ ತಂದರು. ಆರು ಲೈನು ಬೇಡ, ನಾಲ್ಕು ಸಾಕು. ಸರಿ, ಎರಡು ಲೈನು ಕಿತ್ತೆವು. ಫೆಬ್ರವರಿಯ ಹೊತ್ತಿಗೆ ನಾಲ್ಕೂ ಹೆಚ್ಚಾಯಿತು. ಎರಡೇ ಇರಲಿ, ಒಂದರಲ್ಲಿ ಬರುವುದು, ಒಂದರಲ್ಲಿ ಹೋಗುವುದು.

"ಆರು ಇದ್ದದ್ದು ಎರಡಕ್ಕ ಬಂತು. ಮುಂದ ಒಂದ, ಆಮ್ಯಾಲ ಸೊನ್ನಿ. ಯಾಕ್ರೀ, ದೀಪ ಹತ್ತತಾವಲ್ಲ?"

"ದೀಪ ಅತ್ತುತ್ತೆ ಕಣಮ್ಮ. ಯಾಕೆ ಅತ್ತಿದೆ ಅಂತ ನಾನು ಯೋಚ್ನೆ ಮಾಡ್ಬೇಕಾಯ್ತದೆ" ಅಂದರು ಅವರು. ಅಂದವರೇ ಬಾಯಿ ತಪ್ಪಿತು ಅನ್ನುವ ಹಾಗೆ ನನ್ನ ಕಡೆ ನೋಡಿದರು.

ಅವತ್ತು ನನಗೆ ಮೊದಲ ಸಲ ಭಯವಾಯಿತು. ಅದಕ್ಕೆ ಮುಂಚಿನ ಎಲ್ಲವೂ ಆಗ ಒಟ್ಟಿಗೆ ನೆನಪಾಯಿತು. ನಾಲ್ಕು ಲೈನಿನ ನಕ್ಷೆಯನ್ನು ಅವರು ಮೂರು ದಿನ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವಾಗ, ಮೆಟ್ಟಿಲಲ್ಲಿ ನಿಲ್ಲಿಸಿ "ರಾತ್ರಿ ಒಂದು ಐಡಿಯಾ ಬಂತು" ಅಂತ ಹೊಸದೆಂಬಂತೆ ತೋರಿಸಿದ್ದರು. ನಾನು ವಯಸ್ಸಾದವರ ಸಂಭ್ರಮ ಅಂದುಕೊಂಡು ಮೂರು ಸಲವೂ ತಲೆಯಾಡಿಸಿದ್ದೆ. ನನ್ನ ಹೆಸರಿಗೆ ಬದಲು ಲಾವಣ್ಯ ಅಂತ ಕರೆದಿದ್ದರು, ಅದೂ ಎರಡು ಸಲ. ರೈಲಿನ ವಿಷಯ ಬಿಡಿ, ಬೋಗಿ ಬಿದ್ದರೆ ಎತ್ತಿ ಇಡಬಹುದು. ಆದರೆ ಇದೇ ಕೈ ಕೆಳಗಿನ ಮನೆಯಲ್ಲಿ ದಿನಕ್ಕೆರಡು ಸಲ ಸೂಜಿ ಹಿಡಿಯುತ್ತದೆ. ಕೊಟ್ಟದ್ದನ್ನು ಮರೆತು ಇನ್ನೊಂದು ಸಲ ಕೊಟ್ಟರೆ?

ಮರುದಿನ ರಾಮಮ್ಮನವರ ಹತ್ತಿರ ಹೋಗಿ, ಬಾಯಿಗೆ ಬಂದದ್ದನ್ನು ಅಷ್ಟು ನುಂಗಿ, ಅಷ್ಟು ಉಗುಳಿ ಕೇಳಿದೆ. "ಅಮ್ಮಾರ, ಅಜ್ಜಾರು ಸೂಜಿ ಗೀಜಿ ಮರ್ಯೂದಿಲ್ಲಲ್ಲ?"

ರಾಮಮ್ಮ ಸೊಪ್ಪು ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. "ಅವ್ರಾ? ಮೂವತ್ಮೂರು ವರ್ಷ ಸಾವ್ರಾರು ಜನದ ಜೀವ ಕಾದೋರು. ನನ್ನೊಬ್ಳನ್ನ ಮರೀತಾರಾ? ನಿಂಗ್ಯಾಕೆ ಬೇಡದ್ದೆಲ್ಲ?"

ಬಾಯಿ ಮುಚ್ಚಿಕೊಂಡು ಬಂದೆ. ಲಾವಣ್ಯಳ ನಂಬರು ನನ್ನ ಫೋನಿನಲ್ಲಿತ್ತು. ಎರಡು ಸಲ ತೆಗೆದು ನೋಡಿ ಇಟ್ಟೆ. ಏನಂತ ಹೇಳುವುದು? ನಿಮ್ಮಪ್ಪ ರೈಲಿನ ಹಳಿ ಕಡಿಮೆ ಮಾಡುತ್ತಿದ್ದಾರೆ ಅಂತಲೇ? ಹಾಗೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜವಾಗಿ ಹೇಳಬೇಕೆಂದರೆ, ಆ ಮನುಷ್ಯನ ಮಾನ ತೆಗೆಯುವುದು ನನ್ನಿಂದ ಆಗಲಿಲ್ಲ.

ಮಾರ್ಚ್ ಮೊದಲ ವಾರ ನನಗೆ ಸೆಕೆಂಡ್ ಶಿಫ್ಟು, ಬೆಳಿಗ್ಗೆಯೆಲ್ಲ ಮನೆಯಲ್ಲೇ. ರಾಮಮ್ಮನವರಿಗೆ ರಾಗಿ ಹಿಟ್ಟು ತೆಗೆದುಕೊಡಲು ಹೋದಾಗ ಡ್ರಮ್ಮಿನ ಹಿಂದೆ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದರೆ ಬೆಲ್ಲ! ಅರ್ಧ ಉಂಡೆ ಕರಗಿದೆ, ಹಲ್ಲಿನ ಗುರುತೂ ಇದೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಕಡೆ ಮುದುಕರು ದಿನಾ ಚುಚ್ಚಬೇಕು, ಇನ್ನೊಂದು ಕಡೆ ಇವರು ಕದ್ದು ಬೆಲ್ಲ ಮೆಲ್ಲಬೇಕು.

"ಏನ್ರೀ ಇದು? ಸಣ್ಣ ಹುಡುಗ್ರಿಗಿಂತ ಕಡಿ ಆದ್ರಲ್ಲ! ಇದ್ದಷ್ಟು ಕಣ್ಣೂ ಹೋಗ್ಲಿ ಅಂತೇನು?"

ರಾಮಮ್ಮ ಎದ್ದು ನಿಂತು ಕೈ ಚಾಚಿದರು. "ಇಲ್ಲಿ ಕೊಡು ಸವಿತಾ. ಅದು ಬೇಕು ನಂಗೆ. ಕೊಡಮ್ಮ."

"ಬೇಕು ಅಂತೀರಲ್ಲ, ನಾಚಿಕಿಲ್ಲ?" ಅಂದೆ. ಡಬ್ಬಿಯನ್ನು ನನ್ನ ಮನೆಗೆ ಹೊತ್ತೊಯ್ದು ಅಟ್ಟದ ಮೇಲಿಟ್ಟೆ. ಹಿಂದಿನಿಂದ ಅವರು ಇನ್ನೂ ಎರಡು ಸಲ ಕೂಗಿದರು. ಒಳ್ಳೆಯ ಕೆಲಸ ಮಾಡಿದೆ ಅನ್ನುವ ಗರ್ವದಲ್ಲಿ ನಾನು ಹಿಂದಿರುಗಿ ನೋಡಲಿಲ್ಲ. ಆ ದಿನ ಶಿಫ್ಟಿನಲ್ಲಿ ಪಕ್ಕದ ಟೇಬಲ್ಲಿನವಳಿಗೆ ಈ ಕಥೆ ಹೇಳಿ ನಗಿಸಿದ್ದೂ ಉಂಟು.

ಅದಾಗಿ ಎರಡು ದಿನಕ್ಕೆ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಬಟ್ಟೆ ಒಣಹಾಕಿ ಇಳಿಯುತ್ತಿದ್ದೆ. ಮೊದಲನೇ ಮಹಡಿಯ ತಿರುವಿನಲ್ಲಿ ಆವಲಪ್ಪನವರು ನಿಂತಿದ್ದರು. ಕೈಯಲ್ಲಿ ತುಂಬಿದ ಸಿರಿಂಜು. ಟೋಪಿ ತೆಗೆದ ಸೂಜಿ ಮೇಲಕ್ಕೆ ನೋಡುತ್ತಿತ್ತು.

"ಸವಿತಾ" ಅಂದರು, ಬಹಳ ಸಣ್ಣ ದನಿಯಲ್ಲಿ. "ನಾನು ಕೊಟ್ನಾ? ಕೊಟ್ಟಿಲ್ವಾ?"

ನಾನು ಬಕೆಟ್ಟು ಕೆಳಗಿಟ್ಟೆ. "ಅಮ್ಮಾರು ಎಲ್ಲದಾರ?"

"ಮಾತಾಡ್ತಿಲ್ಲ ಅವ್ಳು. ಕೊಟ್ಟಿಲ್ಲ ಅಂತ ಇಂಗಾಯ್ತೇನೋ. ಕೊಟ್ಬುಡ್ಲಾ?"

"ಬ್ಯಾಡ್ರೀ! ಮುಟ್ಟಬ್ಯಾಡ್ರಿ ಅವ್ರನ್ನ!" ಅಂತ ಕಿರುಚಿಕೊಂಡು ಓಡಿದೆ.

ರಾಮಮ್ಮ ಅಡುಗೆಮನೆಯ ನೆಲದ ಮೇಲೆ ಗೋಡೆಗೊರಗಿ ಕೂತಿದ್ದರು. ರವಿಕೆ ಬೆವರಿನಿಂದ ಮೈಗೆ ಅಂಟಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಬಲಗೈ ಮಾತ್ರ ರಾಗಿ ಡ್ರಮ್ಮಿನ ಹಿಂದೆ, ಡಬ್ಬಿ ಇದ್ದ ಜಾಗದಲ್ಲಿ, ತಡಕಾಡುತ್ತಿತ್ತು. ಆ ಕೈಯನ್ನು ನೋಡಿದ ಕ್ಷಣ ನನಗೆ ಎಲ್ಲ ತಿಳಿಯಿತು. ಅವರು ಚಪಲಕ್ಕೆ ಬೆಲ್ಲ ತಿನ್ನುತ್ತಿರಲಿಲ್ಲ. ನಾನು ಕಿತ್ತುಕೊಂಡು ಹೋದದ್ದು ತಿಂಡಿಯನ್ನಲ್ಲ, ಸೂಜಿ ಎರಡು ಸಲ ಬಿದ್ದು ಸಕ್ಕರೆ ಇಳಿದಾಗ ಏರಿಸಿಕೊಳ್ಳುವ ಮದ್ದನ್ನು.

ಎರಡು ಮಹಡಿ ಹೇಗೆ ಹತ್ತಿದೆನೋ, ಅಟ್ಟದ ಡಬ್ಬಿ ಹೇಗೆ ಎಳೆದೆನೋ ಗೊತ್ತಿಲ್ಲ. ಮೊಣಕಾಲು ಮೆಟ್ಟಿಲಿಗೆ ಬಡಿದು ತರಚಿತ್ತು, ಅದು ತಿಳಿದದ್ದು ಮಧ್ಯಾಹ್ನ. ಮುಚ್ಚಳ ಬರಲಿಲ್ಲ, ಕಟ್ಟೆಗೆ ಕುಟ್ಟಿ ತೆಗೆದೆ. ಬೆಲ್ಲವನ್ನು ನೀರಿನಲ್ಲಿ ಕಿವುಚಿ ಚಮಚದಲ್ಲಿ ತುಟಿಗೆ ಹಿಡಿದೆ. ಮೊದಲ ಚಮಚ ಗಲ್ಲದ ಮೇಲೆ ಸುರಿಯಿತು. ಎರಡನೆಯದು ಒಳಗಿಳಿಯಿತು. "ನುಂಗ್ರಿ, ನನ್ನವ್ವ, ನುಂಗ್ರಿ" ಅನ್ನುತ್ತಿದ್ದೆ. ದೇವರಿಗೆ ಏನೇನೋ ಹರಕೆ ಹೊತ್ತೆ, ಯಾವ ದೇವರು ಅನ್ನುವುದೂ ನೆನಪಿಲ್ಲ. ಆವಲಪ್ಪನವರು ಬಾಗಿಲಲ್ಲಿ ಸಿರಿಂಜು ಹಿಡಿದು ಹಾಗೇ ನಿಂತಿದ್ದರು. ಅದನ್ನು ಅವರ ಕೈಯಿಂದ ಕಿತ್ತು ಸಿಂಕಿಗೆ ಎಸೆದೆ.

ಹತ್ತು ನಿಮಿಷಕ್ಕೆ ರಾಮಮ್ಮ ಕಣ್ಣು ಬಿಟ್ಟರು. ಆಟೋದಲ್ಲಿ ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡ್ರಿಪ್ ಹಾಕಿ ಸಂಜೆಯವರೆಗೆ ಮಲಗಿಸಿದರು. ಲೇಡಿ ಡಾಕ್ಟರು ಕೇಳಿದರು, "ಇವತ್ತು ಎಷ್ಟು ಸಲ ಹಾಕಿದ್ರಿ?"

ಆವಲಪ್ಪನವರು ನೆಲ ನೋಡಿದರು. ಉತ್ತರ ಕೊಟ್ಟದ್ದು ರಾಮಮ್ಮ. "ಎರಡು ಸಲ. ಸಂಕ್ರಾಂತಿಯಿಂದ ಇಂಗಾಯ್ತದೆ, ತಿಂಗ್ಳಿಗೆ ನಾಕೈದು ಸಲ. ನಾನು ಬೆಲ್ಲ ತಿಂದು ಸರಿ ಮಾಡ್ಕಂತಿದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಗ್ಲೇ ಹಾಕಿದ್ದಾಯ್ತು ಅಂತ ಹೇಳೋಕೇನಮ್ಮ ನಿಮಗೆ? ಪ್ರಾಣ ಹೋಗ್ತಿತ್ತು!"

"ಒಂದ್ ಸಲ ಏಳ್ದೆ" ಅಂದರು ರಾಮಮ್ಮ. "ಆಗ ಅವ್ರ ಮುಖ ಎಂಗಾಯ್ತು ಅಂತ ನನ್ನ ಮಂಜುಗಣ್ಣಿಗೂ ಕಾಣಿಸ್ತು. ಇನ್ನೊಂದ್ ಸಲ ಏಳಕ್ಕೆ ನಂಗೆ ಬಾಯಿ ಬರ್ಲಿಲ್ಲ."

ಆ ಕೋಣೆಯಲ್ಲಿ ಮೂವರು ತಪ್ಪಿತಸ್ಥರಿದ್ದೆವು. ಗಂಡನ ಮಾನಕ್ಕೆ ಪ್ರಾಣ ಒತ್ತೆಯಿಟ್ಟವರು ಒಬ್ಬರು, ತಮ್ಮ ಮರೆವನ್ನು ತಾವೇ ಮುಚ್ಚಿಟ್ಟವರು ಒಬ್ಬರು. ಎಲ್ಲ ಅರ್ಥವಾಗಿದ್ದೂ ಫೋನು ಮಾಡದೆ, ಅರ್ಥವಾಗದ ಡಬ್ಬಿಯನ್ನು ಮಾತ್ರ ಜೋರಿನಿಂದ ಹೊತ್ತೊಯ್ದವಳು ನಾನು. ಹೊರಗೆ ಬಂದು ಲಾವಣ್ಯಳಿಗೆ ಫೋನು ಮಾಡಿದೆ. ಮಾತು ಶುರು ಮಾಡುವ ಮುಂಚೆಯೇ ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಆವಲಪ್ಪನವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ರಾಮಮ್ಮನವರ ಮಂಚದ ಮುಂದೆ ಬಂದು ನಿಂತರು. ಲಾವಣ್ಯ ಇದ್ದಳು, ನಾನೂ ಇದ್ದೆ. ರೈಲ್ವೆಯಲ್ಲಿ ಕುಡಿದು ಬಂದ ಪಾಯಿಂಟ್ಸ್‌ಮನ್ನೇ ಆಗಲಿ, ಜ್ವರ ಬಂದವನೇ ಆಗಲಿ, ಲಿವರ್ ಮುಟ್ಟುವ ಮುಂಚೆ ಸ್ಟೇಷನ್ ಮಾಸ್ಟರ ಎದುರು ನಿಂತು ತಾನೇ ಹೇಳಬೇಕಂತೆ. ಬೇರೆಯವರು ಹೇಳುವವರೆಗೆ ಕಾಯುವುದು ಅವರಲ್ಲಿ ಎಲ್ಲಕ್ಕಿಂತ ದೊಡ್ಡ ಅವಮಾನವಂತೆ. ಅವರು ಬೆನ್ನು ನೆಟ್ಟಗೆ ಮಾಡಿ ಹೇಳಿದರು.

"ರಾಮೂ, ನಾನು ಡ್ಯೂಟಿಗೆ ಫಿಟ್ ಇಲ್ಲ. ಜನವರಿಯಿಂದ್ಲೂ ಗೊತ್ತಿತ್ತು ನಂಗೆ. ಎದ್ರಿಕೆ ಆಗಿ ಏಳ್ಲಿಲ್ಲ."

ರಾಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು. ಆವಲಪ್ಪನವರು ಸೂಜಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು. ಬೆಳಗಿನದು ನಾನು, ಸಂಜೆಯದು ಹೂಡಿಯಿಂದ ಬಂದು ಲಾವಣ್ಯ. ನಾನು ಸೂಪರ್‌ವೈಸರ ಬೆನ್ನು ಬಿದ್ದು ಖಾಯಂ ಜನರಲ್ ಶಿಫ್ಟು ಮಾಡಿಸಿಕೊಂಡೆ. ಕ್ಲಿನಿಕ್ಕಿನ ನರ್ಸು ಕಲಿಸಿದಳು. ಮೊದಲ ದಿನ ಗೆರೆಯನ್ನು ಏಳು ಸಲ ನೋಡಿದೆ. ಬೆಸುಗೆ ತಪ್ಪಿದರೆ ಬೋರ್ಡು ಹೋಗುತ್ತದೆ, ಅಷ್ಟೇ. ಇದು ಹಾಗಲ್ಲ. ಇವತ್ತಿಗೂ ಚುಚ್ಚುವ ಮುಂಚೆ ಗೆರೆಯನ್ನು ಎರಡು ಸಲ ನೋಡುತ್ತೇನೆ.

ಡಾಕ್ಟರ ಮಾತಿನಂತೆ ಆವಲಪ್ಪನವರನ್ನು ದೊಡ್ಡ ಆಸ್ಪತ್ರೆಗೆ ತೋರಿಸಿದ್ದಾಯಿತು. ಮಾತ್ರೆ ಕೊಟ್ಟಿದ್ದಾರೆ. ಮರೆವಿನ ಕಾಯಿಲೆ ನಿಧಾನವಾಗಬಹುದು, ನಿಲ್ಲುವುದಿಲ್ಲ ಅಂತ ಹೇಳಿದ್ದಾರೆ. ಇದನ್ನು ಅವರಿಗೂ ಹೇಳಿದೆವು. ಮುಚ್ಚಿಡುವುದು ಸಾಕಾಗಿತ್ತು.

ಅದೇ ವಾರ ಅವರು ನನ್ನನ್ನು ಟೆರೇಸಿಗೆ ಕರೆದು ಗರಗಸ ಕೊಟ್ಟರು. ಪ್ಲೈವುಡ್ ಮರೆಯನ್ನು ಪೂರ್ತಿ ಕತ್ತರಿಸಿ ತೆಗೆಸಿದರು. ದೀಪಗಳೂ ಬೇಡವೆಂದರು. ಕಿತ್ತಿದ್ದ ನಾಲ್ಕು ಲೈನುಗಳನ್ನು ಮತ್ತೆ ಹಾಕಿದೆವು. ಈಗ ಕೆಳಗಿನ ಯಾರ್ಡಿನಲ್ಲಿ ಆರು ಲೈನೂ ಬಾಗಿಲಲ್ಲಿ ನಿಂತವರಿಗೆ ಕಾಣುತ್ತವೆ, ಗಾಡಿಗಳೂ ಕಾಣುತ್ತವೆ. ಎಲ್ಲಿಗೋ ದೂರ ಹೋದವು ಅಂತ ಇನ್ನು ಯಾರಿಗೂ ಅನ್ನಿಸುವುದಿಲ್ಲ. ಆವಲಪ್ಪನವರು ಲಿವರ್ ಎಳೆಯುವ ಮುಂಚೆ ಪ್ರತಿ ಸಲ ಬಗ್ಗಿ, ಕಣ್ಣಿನಿಂದ ನೋಡಿ, ಆಮೇಲೆ ಎಳೆಯುತ್ತಾರೆ. ಅಪಘಾತ ಆಗಿಲ್ಲ.

ಆದರೆ ಬೆಳಿಗ್ಗೆ ಏಳೂವರೆಗೆ ನಾನು ಸೂಜಿ ಹಿಡಿದಾಗ ಅವರು ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ. ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಆಚೆಯೇ ನಿಲ್ಲುತ್ತಾರೆ. ನಾನು ಚುಚ್ಚಿ, ಹತ್ತಿಯಿಂದ ಒತ್ತಿ, ರಾಮಮ್ಮನವರ ಮುಂದೆ ಇಡ್ಲಿ ತಟ್ಟೆ ಇಡುತ್ತೇನೆ. ಅವರು ತಿನ್ನುವುದನ್ನು ಇವರು ಕೊನೆಯ ತುತ್ತಿನವರೆಗೂ ಕಣ್ಣು ಮಿಟುಕಿಸದೆ ನೋಡುತ್ತಾರೆ.

ನಾನು ಕೆಲಸಕ್ಕೆ ಹೊರಡುವಷ್ಟರಲ್ಲಿ ಗೇಟಿನ ಹತ್ತಿರ ಬಂದು ಕೇಳುತ್ತಾರೆ. "ಸವಿತಾ, ಇವತ್ತು ಸೂಜಿ ಆಯ್ತಾ?"

"ಆತ್ರೀ."

ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಮೊದಲಾಗಿದ್ದರೆ ರೇಗುತ್ತಿದ್ದೆ. ಈಗ ಎರಡನೇ ಸಲವೂ, ಮೂರನೇ ಸಲವೂ ಮೊದಲನೇ ಸಲದ ಹಾಗೇ ಹೇಳುತ್ತೇನೆ. ನಿನ್ನೆ ನಾನು ಗೇಟು ದಾಟಿ ರಸ್ತೆಗೆ ಇಳಿದ ಮೇಲೂ ಹಿಂದೆಯೇ ಬಂದರು. ಕಂಪನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅವರ ಮುಖ ಬಿಳಿಚಿಕೊಂಡಿತ್ತು.

"ಯಾರು ಕೊಟ್ಟಿದ್ದು ಸವಿತಾ?"

"ನಾನ ಕೊಟ್ಟೀನ್ರೀ ಅಜ್ಜಾರ. ಒಂದ ಸಲ."

"ನೀನು" ಅಂದರು. "ನಾನಲ್ಲ?"

"ನೀವಲ್ಲ."

ಅವರು ಗೇಟಿನ ಸರಳು ಹಿಡಿದು ನಿಂತರು. "ಸದ್ಯ" ಅಂದರು. "ಸದ್ಯ, ನಾನಲ್ಲ."